ಬೆಳಗಿನ ಜಾವದ ಜಾವಾ

ಜಾವ ಎಂದರೆ ಮೂರು ಗಂಟೆ. ಹಗಲಿಗೆ ನಾಲ್ಕು ಜಾವ, ಇರುಳಿಗೆ ನಾಲ್ಕು ಜಾವ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ನನಗೆ ಇದು ಬಾಯಿಪಾಠ. ಅರಸೀಕೆರೆಯವಳಾದ್ದರಿಂದ ಇನ್ನೊಂದು ಜಾವವೂ ಗೊತ್ತು: ಬಾಣಾವರದ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ನಡುವೆ ನಿಲ್ಲುವ ಜಾವಗಲ್ಲು. ಕೊನೆಯಲ್ಲಿ ದೀರ್ಘ ಎಳೆದು ಹೇಳಬೇಕಾದ ಮೂರನೆಯ ಜಾವಾ ಮಾತ್ರ ನಮ್ಮ ಮನೆಗೆ ಬಂದದ್ದು ಸೊಸೆಯ ಜೊತೆಯಲ್ಲಿ. ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವ ಭಾಷೆಗಳಲ್ಲಿ ಅದೂ ಒಂದು. ಬ್ಯಾಂಕು, ವಿಮೆ, ದೊಡ್ಡ ವ್ಯಾಪಾರ ಇಂಥವುಗಳ ಲೆಕ್ಕಪತ್ರದ ಹಿಂದೆ ನಮಗೆ ಕಾಣದಂತೆ ಕೂತು ದುಡಿಯುವ ಭಾಷೆ. ಅದರ ಗೊಡವೆ ನನಗೇಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

ಸೊಸೆ ಬೇಲೂರು ಕಡೆಯವಳು. ತವರಿನಲ್ಲಿ ಸಣ್ಣ ಕಾಫಿ ತೋಟ. ಹಾಸನದಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿದಳು. 2019ರಲ್ಲಿ ಮೊಮ್ಮಗಳು ಹುಟ್ಟಿದಳು. ರಜೆ ಮುಗಿಯುವ ಹೊತ್ತಿಗೆ ಕೊರೋನಾ ಬಂತು. ಕೆಲಸ ಬಿಟ್ಟಳು, ಮಗುವಿನ ಜೊತೆ ಅರಸೀಕೆರೆಗೆ ಬಂದಳು. ಮಗ ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುವುದು ರೂಢಿಯಾಯಿತು. ಹೀಗೆ ಐದು ವರ್ಷ. ಮಗು ಯುಕೆಜಿಗೆ ಹೋಗತೊಡಗಿದ ಮೇಲೆ, 2024ರ ಆಗಸ್ಟಿನಲ್ಲಿ, ಹಳೆಯ ಗೆಳತಿಯೊಬ್ಬಳು ಫೋನು ಮಾಡಿ, ಮಧ್ಯೆ ಕೆಲಸ ಬಿಟ್ಟ ಹೆಂಗಸರನ್ನು ಒಂದು ಕಂಪನಿ ತೆಗೆದುಕೊಳ್ಳುತ್ತಿದೆ, ನವೆಂಬರಿನಲ್ಲಿ ಸಂದರ್ಶನ ಎಂದಳು. ಅಂದಿನಿಂದ ಇವಳು ನಾಲ್ಕು ಗಂಟೆಗೇ ಏಳತೊಡಗಿದಳು. ಮಗು ಏಳುವವರೆಗೆ, ಹಾಲಿನವನು ಗಂಟೆ ಬಾರಿಸುವವರೆಗೆ, ಅವಳದೇ ಎನ್ನುವ ಎರಡು ಗಂಟೆ. ಹಾಗಾಗಿ ನಮ್ಮ ಮನೆಯಲ್ಲಿ ಜಾವಾ ಬೆಳಗಿನ ಜಾವದ ಕಸುಬಾಯಿತು.

ಒಂದು ದಿನ ನಾನು ಎದ್ದು ಬಂದು ನೋಡಿದರೆ ಲ್ಯಾಪ್‌ಟಾಪು ಮುಚ್ಚಿಟ್ಟು ಸುಮ್ಮನೆ ಕೂತಿದ್ದಾಳೆ. ಎದುರಿಗೆ ಎರಡು ಕಾಗದ. ಒಂದು ಕಂಪನಿಯವರದು: ಜಾವಾ 17 ಅಥವಾ 21 ಗೊತ್ತಿರಬೇಕು, ಜಕಾರ್ತಾ ಇಇ ಗೊತ್ತಿರಬೇಕು, ಸ್ಪ್ರಿಂಗ್ ಬೂಟ್ 3 ಗೊತ್ತಿರಬೇಕು. ಇನ್ನೊಂದು ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯದು. ಅದರಲ್ಲಿ ಕೋರ್ ಜಾವಾ, ಜೆ2ಎಸ್‌ಇ, ಜಾವಾ ಎಸ್‌ಇ, ಅಡ್ವಾನ್ಸ್ಡ್ ಜಾವಾ, ಜೆ2ಇಇ, ಜಾವಾ ಇಇ, ಜಕಾರ್ತಾ ಇಇ ಎಂದು ಏಳು ಭಾಗ. ಒಟ್ಟು ಶುಲ್ಕ ಅರವತ್ತೈದು ಸಾವಿರ.

"ನಾನು ಬಿಟ್ಟು ಬಂದಾಗ ಜಾವಾ ಎಂಟು ಅತ್ತೆ. ಈಗ ಇಪ್ಪತ್ತೊಂದಂತೆ. ಹದಿಮೂರು ಕ್ಲಾಸು ಫೇಲಾದ ಹಾಗಾಗಿದೆ" ಎಂದಳು. ಕಣ್ಣು ತುಂಬಿತ್ತು. ಬಳೆ ಅಡವಿಡಲೇ ಎಂದೂ ಕೇಳಿದಳು.

ಬಳೆಯ ಮಾತು ಆಮೇಲೆ ನೋಡೋಣ ಎಂದೆ. ನನಗೆ ಕಂಪ್ಯೂಟರ್ ಬಾರದು, ಆದರೆ ಭಾಷೆ ಎಂದಮೇಲೆ ಅದಕ್ಕೊಂದು ಮನೆತನ, ಒಂದು ಕಾಲಾನುಕ್ರಮ ಇರಲೇಬೇಕಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂದು ಮಕ್ಕಳಿಗೆ ಗೆರೆ ಎಳೆದು ತೋರಿಸಿದವಳಿಗೆ ಇದೇನು ದೊಡ್ಡದು? ಮೊಮ್ಮಗಳ ಅರ್ಧ ಬರೆದ ನೋಟ್‌ಬುಕ್ಕು ತೆಗೆದುಕೊಂಡೆ. "ಒಂದೊಂದೇ ಹೆಸರು ಹೇಳು, ಯಾವಾಗ ಹುಟ್ಟಿತು, ಯಾರ ಮನೆಯದು, ಆಮೇಲೆ ಯಾರ ಮನೆಗೆ ಹೋಯಿತು, ಅಷ್ಟು ಸಾಕು" ಎಂದೆ. ಅವಳು ಹೇಳುತ್ತ ಹೋದಳು. ಗೊತ್ತಿಲ್ಲದ್ದನ್ನು ಹುಡುಕಿ ಓದಿದಳು. ನಾನು ಬರೆದುಕೊಂಡೆ. ಮೂರು ವಾರ ಬೆಳಗಿನ ಜಾವ ಇದೇ ಕೆಲಸ.

ಮೊದಲಿಗೆ ಹೆಸರು. 1991ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಜೊತೆಯವರು ಈ ಭಾಷೆಗೆ ಕೈಹಾಕಿದಾಗ ಅದರ ಹೆಸರು ಓಕ್. ಗಾಸ್ಲಿಂಗರ ಕಚೇರಿಯ ಹೊರಗೆ ಒಂದು ಓಕ್ ಮರ ಇತ್ತಂತೆ. ಆ ಹೆಸರನ್ನು ಬೇರೊಬ್ಬರು ಆಗಲೇ ನೋಂದಾಯಿಸಿಕೊಂಡಿದ್ದರಿಂದ ಬಿಡಬೇಕಾಯಿತು. 1995ರಲ್ಲಿ ಜಾವಾ ಎಂದು ಇಟ್ಟರು. ಜಾವಾ ದ್ವೀಪದ ಕಾಫಿಯ ಹೆಸರು. ಅದಕ್ಕೇ ಅದರ ಗುರುತು ಹಬೆಯಾಡುವ ಕಾಫಿ ಬಟ್ಟಲು. ಕಾಫಿಯ ಗೀಳು ಅಲ್ಲಿಗೇ ನಿಲ್ಲಲಿಲ್ಲ. ಈ ಭಾಷೆಯಲ್ಲಿ ಸಿದ್ಧಪಡಿಸಿದ ಪ್ರತಿ ಕಡತದ ಮೊದಲ ಎಂಟು ಅಕ್ಷರ, ಕಂಪ್ಯೂಟರಿನ ಅಂಕಿಯ ಲೆಕ್ಕದಲ್ಲಿ ಓದಿದರೆ, 'ಕೆಫೆ ಬೇಬ್' ಎಂದಾಗುತ್ತದೆ. ಪ್ರೋಗ್ರಾಮಿನ ಸಣ್ಣ ಸಣ್ಣ ತುಣುಕುಗಳಿಗೆ ಬೀನ್ಸ್ ಎಂದು ಹೆಸರು, ಎಂದರೆ ಕಾಫಿ ಬೀಜ. ಕಾಫಿ ತೋಟದ ಹುಡುಗಿಗೆ ಬೇರೆ ಭಾಷೆ ಒಗ್ಗೀತಾದರೂ ಹೇಗೆ!

ಆಮೇಲೆ ಅಂಕಿ. ಇಲ್ಲಿ ತಲೆ ಕೆಡುವುದು ಸಹಜ. 1996ರಲ್ಲಿ 1.0 ಬಂತು, 1997ರಲ್ಲಿ 1.1. 1998ರ ಕೊನೆಯಲ್ಲಿ 1.2 ಬಂದಾಗ ಅದಕ್ಕೆ 'ಜಾವಾ 2' ಎಂದು ಹೆಸರಿಟ್ಟು ಮಾರಿದರು. ಬಳಿಕ ಬಂದ 1.3 ಮತ್ತು 1.4 ಕೂಡ ಜಾವಾ 2 ಆಗಿಯೇ ಉಳಿದವು. ಒಳಗೊಂದು ಲೆಕ್ಕ, ಹೊರಗೊಂದು ಲೆಕ್ಕ. 2004ರಲ್ಲಿ 1.5 ಎನ್ನಬೇಕಾದ್ದನ್ನು 5 ಎಂದರು. 2006ರಲ್ಲಿ 6 ಬಂದಾಗ ಆ ಹಳೆಯ 2 ಕೈಬಿಟ್ಟರು. ಜೆ2ಎಸ್‌ಇ ಹೋಗಿ ಜಾವಾ ಎಸ್‌ಇ ಆಯಿತು, ಜೆ2ಇಇ ಹೋಗಿ ಜಾವಾ ಇಇ ಆಯಿತು. ಇಷ್ಟಾದರೂ ಒಳಗಿನ ಒಂದು ಚುಕ್ಕೆ ಹೋಗಲಿಲ್ಲ. 2014ರಲ್ಲಿ ಬಂದ ಎಂಟನ್ನು, 'ನೀನು ಯಾರು' ಎಂದು ಕಂಪ್ಯೂಟರಿನಲ್ಲೇ ಕೇಳಿದರೆ '1.8' ಎಂದು ಉತ್ತರ ಕೊಡುತ್ತದೆ! 2017ರಲ್ಲಿ 9 ಬಂದಾಗಲೇ ಆ 1 ತೊಲಗಿದ್ದು.

ನನಗೆ ಇದು ಚೆನ್ನಾಗಿ ಅರ್ಥವಾಯಿತು. ನನ್ನ ಮಾರ್ಕ್ಸ್‌ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್, ಸೇವಾಪುಸ್ತಕದಲ್ಲಿ ಗಂಡನ ಇನಿಷಿಯಲ್. ಮದುವೆಯಾದ ಮೇಲೆ ನಮ್ಮತ್ತೆಯವರು ಮನೆಗೆ ಒಪ್ಪುವ ಹೆಸರೆಂದು ಇಟ್ಟ ಮೂರನೆಯದೊಂದು ರೇಷನ್ ಕಾರ್ಡಿಗೆ ಹೋಗಿ ಕೂತಿತ್ತು. ನಿವೃತ್ತಿಯ ಹೊತ್ತಿಗೆ ಒಂದು ಕಚೇರಿಯವರು ಈ ಮೂವರೂ ಒಬ್ಬಳೇ ಎಂದು ನಂಬಲಿಲ್ಲ. ಛಾಪಾಕಾಗದದ ಮೇಲೆ ಪ್ರಮಾಣ ಮಾಡಿ, ನೋಟರಿಯ ಮುಂದೆ ಸಹಿ ಹಾಕಿ, ನಾಲ್ಕು ತಿಂಗಳು ಅಲೆದ ಮೇಲೆ ಪಿಂಚಣಿ ಶುರುವಾದದ್ದು. 1.8 ಎಂದರೂ 8 ಎಂದರೂ ಅವಳೇ ಎನ್ನುವುದಕ್ಕೆ ನನಗೆ ಇನ್ನೊಬ್ಬರ ವಿವರಣೆ ಬೇಕಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಜೆ2ಎಸ್‌ಇ, ಜಾವಾ ಎಸ್‌ಇ, ಕೋರ್ ಜಾವಾ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಆವರಣ ಹಾಕಿದೆ. ಮೊದಲಿನೆರಡು ಒಂದೇ ವ್ಯಕ್ತಿಯ ಹಳೆಯ ಮತ್ತು ಹೊಸ ಹೆಸರು. ಮೂರನೆಯದು ಅದರ ಬುನಾದಿ ಪಾಠಕ್ಕೆ ಮೇಷ್ಟರುಗಳು ಇಟ್ಟುಕೊಂಡ ಕರೆಯುವ ಹೆಸರು. ತರಬೇತಿಯವರ ಕಾಗದದಲ್ಲಿ ಅವು ಮೂರು ಭಾಗ, ಮೂರು ಶುಲ್ಕ.

"ಇದು ಒಂದೇ ಹಿಟ್ಟು, ಮೂರು ಡಬ್ಬ ಕಣೇ" ಎಂದೆ. ಅವಳು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಹಿಟ್ಟಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಜೆಡಿಕೆ, ಜೆಆರ್‌ಇ, ಜೆವಿಎಂ ಎಂಬ ಮೂರು ಮಂತ್ರಗಳನ್ನು ಅವಳು ನನಗೆ ಅದರಲ್ಲೇ ಬಿಡಿಸಿ ಹೇಳಿದಳು. ಪ್ರೋಗ್ರಾಮು ಬರೆಯುವುದೆಂದರೆ ಅಕ್ಕಿ ಉದ್ದು ಅಳೆದು ಹಾಕುವುದು. ಅದನ್ನು ರುಬ್ಬಿದರೆ ಹಿಟ್ಟು. ಬೇರೆ ಹಲವು ಭಾಷೆಗಳಲ್ಲಿ ದೋಸೆಯನ್ನೇ ಹೊಯ್ದು ಕಳಿಸುತ್ತಾರೆ. ಒಂದು ಮನೆಗೆ ಮಾಡಿದ್ದು ಇನ್ನೊಂದು ಮನೆಗೆ ಸರಿಹೋಗದು, ಒಂದು ಬಗೆಯ ಕಂಪ್ಯೂಟರಿಗೆ ಮಾಡಿದ್ದು ಇನ್ನೊಂದರಲ್ಲಿ ನಡೆಯದು. ಜಾವಾದವರು ಹಿಟ್ಟು ಕಳಿಸುತ್ತಾರೆ. ಗ್ಯಾಸ್ ಇರಲಿ, ಸೌದೆ ಒಲೆ ಇರಲಿ, ಕರೆಂಟಿನ ಒಲೆ ಇರಲಿ, ಅವರವರ ಮನೆಯ ಕಾವಲಿಯ ಮೇಲೆ ಅವರೇ ಹೊಯ್ದುಕೊಳ್ಳಲಿ. ಆ ಕಾವಲಿಯೇ ಜೆವಿಎಂ. ಕಾವಲಿಯ ಜೊತೆಗೆ ಎಣ್ಣೆ, ಮೊಗಚುವ ಕೈ, ಚಟ್ನಿ ಎಲ್ಲ ಸೇರಿದರೆ ಜೆಆರ್‌ಇ. ಗ್ರೈಂಡರೂ ಸೇರಿ ಇಡೀ ಅಡುಗೆಮನೆಯೇ ಜೆಡಿಕೆ. ಮೊದಲೆಲ್ಲ ದೋಸೆ ತಿನ್ನುವವರಿಗೆ ಬರಿಯ ಜೆಆರ್‌ಇ ಬೇರೆಯಾಗಿ ಸಿಗುತ್ತಿತ್ತು. 2018ರಲ್ಲಿ ಬಂದ 11ರಿಂದ ಒರಾಕಲ್‌ನವರು ಅದನ್ನು ಬೇರೆಯಾಗಿ ಕೊಡುವುದು ನಿಲ್ಲಿಸಿದರು. ಕಾವಲಿ ಬೇಕಾದರೆ ಗ್ರೈಂಡರನ್ನೂ ಹೊತ್ತುಕೊಂಡು ಹೋಗಬೇಕು. ಇದು ನನಗೇನೂ ಸರಿ ಕಾಣಲಿಲ್ಲ, ಆದರೆ ನನ್ನನ್ನು ಕೇಳುವವರು ಯಾರು?

ಒರಾಕಲ್ ಎಲ್ಲಿಂದ ಬಂತೆಂದು ನಾನೂ ಕೇಳಿದೆ. 2010ರಲ್ಲಿ ಒರಾಕಲ್ ಕಂಪನಿ ಸನ್ ಕಂಪನಿಯನ್ನೇ ಕೊಂಡುಕೊಂಡಿತು. ತೋಟ ಮಾರಿದಾಗ ಬಾವಿಯೂ ಹೋದ ಹಾಗೆ ಜಾವಾ ಎಂಬ ಹೆಸರೂ ಅವರದಾಯಿತು. ನಮ್ಮ ಸೊಸೆಯನ್ನು ಅತ್ಯಂತ ಕಾಡಿದ ಜಕಾರ್ತಾ ಹುಟ್ಟಿದ್ದು ಈ ಮಾರಾಟದಿಂದಲೇ.

ಅದರ ಕತೆ ಹೀಗೆ. ಎಸ್‌ಇ ಎಂದರೆ ಸಾಮಾನ್ಯ ಬಳಕೆಯದು, ಇಇ ಎಂದರೆ ದೊಡ್ಡ ಕಂಪನಿಗಳ ಬಳಕೆಯದು, ಎಂಇ ಎಂದರೆ ಸಣ್ಣ ಉಪಕರಣಗಳದು. ಗುಂಡಿ ಒತ್ತುವ ಹಳೆಯ ಮೊಬೈಲುಗಳಲ್ಲಿ ಆಟ ಆಡಿದ್ದು ನೆನಪಿದ್ದರೆ, ಬಹಳ ಮಟ್ಟಿಗೆ ಅದು ಈ ಎಂಇಯ ಪ್ರಸಾದ. ಇದರಲ್ಲಿ ಇಇಯನ್ನು ಒರಾಕಲ್‌ನವರು 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಒಡವೆ ವಸ್ತ್ರ ಎಲ್ಲ ಕೊಟ್ಟು ಕಳಿಸಿದರು, ಮನೆತನದ ಹೆಸರು ಮಾತ್ರ ಕೊಡಲಿಲ್ಲ. ಜಾವಾ ಎನ್ನುವಂತಿಲ್ಲ. ಹೊಸ ಮನೆಯವರು 2018ರಲ್ಲಿ ಮತ ಹಾಕಿ ಜಕಾರ್ತಾ ಎಂದು ಆರಿಸಿಕೊಂಡರು. ಜಾವಾ ದ್ವೀಪದಲ್ಲೇ ಇರುವ ಊರಿನ ಹೆಸರು! ಸಿಟ್ಟನ್ನು ಇಷ್ಟು ನಯವಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತೊಂದರೆಯಾದದ್ದು ಬಳಸುವವರಿಗೆ. ಪ್ರೋಗ್ರಾಮಿನ ಒಳಗೆ ತುಣುಕುಗಳನ್ನು ಕರೆಯುವ ಸಾಲುಗಳಲ್ಲಿ 'ಜಾವಾಎಕ್ಸ್' ಎಂದಿದ್ದದ್ದನ್ನು 2020ರಿಂದ 'ಜಕಾರ್ತಾ' ಎಂದು ಬದಲಿಸಿದರು. ಸ್ಪ್ರಿಂಗ್ ಬೂಟ್ ಎಂಬ ಸಲಕರಣೆಯ ಮೂರನೆಯ ಆವೃತ್ತಿ 2022ರ ನವೆಂಬರಿನಲ್ಲಿ ಬಂದಾಗ, ಇನ್ನು ಮುಂದೆ ಜಕಾರ್ತಾ ಎಂದೇ ಕರೆಯಬೇಕು, ಜಾವಾ 17ಕ್ಕಿಂತ ಕೆಳಗಿನದು ಆಗದು ಎಂದು ಅವರೂ ಹೇಳಿಬಿಟ್ಟರು. ಇವಳ ಹಳೆಯ ಪ್ರೋಗ್ರಾಮು ಹೊಸದರಲ್ಲಿ ಓಡಿಸಿದಾಗ ಸಾಲು ಸಾಲಾಗಿ ಕೆಂಪು ಗೆರೆ ಬಂದದ್ದು ಇದರಿಂದ. ಇವಳು ತನಗೆ ವಿದ್ಯೆಯೇ ಮರೆತುಹೋಯಿತೆಂದು ಅತ್ತದ್ದೂ ಇದರಿಂದ. ವಿದ್ಯೆ ಎಲ್ಲಿಗೂ ಹೋಗಿರಲಿಲ್ಲ. ಆಸ್ತಿಪಾಲಿನ ಜಗಳದಲ್ಲಿ ಮನೆಯ ಫಲಕ ಬದಲಾಗಿತ್ತು, ಅಷ್ಟೆ. ಆ ಹೆಸರು ಬದಲಿಸಿದ ಮೇಲೆ ನೂರಕ್ಕೂ ಹೆಚ್ಚು ಕೆಂಪು ಗೆರೆಗಳಲ್ಲಿ ಉಳಿದದ್ದು ಆರು.

ಇನ್ನೊಂದು ಬೆಳಿಗ್ಗೆ ಬೇರೆ ತರಲೆ. ಮಗನ ಹೊಸ ಲ್ಯಾಪ್‌ಟಾಪಿನಲ್ಲಿ ರುಬ್ಬಿದ ಹಿಟ್ಟನ್ನು ಇವಳ ಹಳೆಯ ಲ್ಯಾಪ್‌ಟಾಪಿಗೆ ತಂದು ಹೊಯ್ದರೆ ಕಾವಲಿ ಒಲ್ಲೆ ಎಂದಿತು. "ಇದು 65ರದು, ನನಗೆ 52ರವರೆಗೆ ಮಾತ್ರ ಗೊತ್ತು" ಎಂಬ ಅರ್ಥದ ಸಂದೇಶ. 65 ಎಲ್ಲಿಂದ ಬಂತು, 52 ಯಾರು? ಜಾವಾದ ಯಾವ ಅಂಕಿಗೂ 44 ಕೂಡಿಸಿದರೆ ಆ ಕಡತದ ಗುಟ್ಟಿನ ಅಂಕಿ ಬರುತ್ತದೆಂದು ಅವಳೇ ಹುಡುಕಿ ಹೇಳಿದಳು. 8 ಆದರೆ 52, 21 ಆದರೆ 65. ಜಂಕ್ಷನ್ ಊರಿನವಳಾದ ನನಗೆ ಇದು ಗೇಜಿನ ಮಾತಿನಂತೆ ಕಂಡಿತು. ನಮ್ಮಲ್ಲಿ ಮೊದಲು ಮೀಟರ್ ಗೇಜು, ಈಗ ಬ್ರಾಡ್ ಗೇಜು. ಒಂದರ ಬೋಗಿ ಇನ್ನೊಂದರ ಹಳಿಗೆ ಹತ್ತದು. ಆದರೆ ಸೊಸೆ ಒಂದು ತಿದ್ದುಪಡಿ ಹಾಕಿದಳು: ಜಾವಾದಲ್ಲಿ ಹೊಸ ಬೋಗಿ ಹಳೆಯ ಹಳಿಯ ಮೇಲೆ ಓಡದು, ಹಳೆಯ ಬೋಗಿ ಮಾತ್ರ ಹೊಸ ಹಳಿಯ ಮೇಲೆ ಸಾಮಾನ್ಯವಾಗಿ ಓಡುತ್ತದೆ. ಇಪ್ಪತ್ತು ವರ್ಷದ ಹಿಂದೆ ರುಬ್ಬಿಟ್ಟ ಹಿಟ್ಟೂ ಎಷ್ಟೋ ಸಲ ಹುಳಿಯಾಗಿರುವುದಿಲ್ಲವಂತೆ. ಹಳೆಯವರನ್ನು ಮನೆಯಿಂದ ಹೊರಹಾಕುವುದಿಲ್ಲ ಎನ್ನುವುದು ಆ ಮನೆತನದ ಪದ್ಧತಿ. ಬಳಕೆ ಬೇಡ ಎನಿಸಿದ್ದಕ್ಕೆ 'ಇದನ್ನು ಇನ್ನು ಬಳಸಬೇಡಿ' ಎಂದು ಚೀಟಿ ಅಂಟಿಸುತ್ತಾರೆ, ಎಷ್ಟೋ ವರ್ಷ ಹಾಗೇ ಇಟ್ಟುಕೊಂಡಿರುತ್ತಾರೆ. 'ಗೋಟು', 'ಕಾನ್ಸ್ಟ್' ಎಂದು ಎರಡು ಪದಗಳಂತೂ ಹುಟ್ಟಿದಾಗಿನಿಂದ ಮೀಸಲು ಪಟ್ಟಿಯಲ್ಲಿವೆ, ಕೆಲಸ ಮಾತ್ರ ಏನೂ ಇಲ್ಲ. ನಮ್ಮ ವರ್ಣಮಾಲೆಯಲ್ಲಿ 'ಙ' ಇಲ್ಲವೇ! ಇಡೀ ವರ್ಷದಲ್ಲಿ 'ವಾಙ್ಮಯ' ಎಂದು ಬರೆಯುವ ದಿನ ಬಂದರೆ ಅದರ ಪುಣ್ಯ.

ದಸರಾ ರಜೆಯಲ್ಲಿ ಮಗುವನ್ನು ಕರೆದುಕೊಂಡು ಸೊಸೆಯ ತವರಿಗೆ ಹೊರಟೆವು. ನೋಟ್‌ಬುಕ್ಕೂ ಚೀಲದಲ್ಲಿ ಬಂತು. ಬಸ್ಸು ಜಾವಗಲ್ಲಿನಲ್ಲಿ ನಿಂತಾಗ ಬೋರ್ಡು ಕೂಡಿಸಿ ಕೂಡಿಸಿ ಓದಿದ ಮೊಮ್ಮಗಳು, "ಅಮ್ಮ, ನಿನ್ನ ಜಾವಾ ಊರು ಬಂತು" ಎಂದು ಕೂಗಿದಳು. ಬಸ್ಸಿನಲ್ಲಿದ್ದವರಿಗೆ ಏನೂ ತಿಳಿಯಲಿಲ್ಲ, ನಾವಿಬ್ಬರು ನಕ್ಕದ್ದು ನಕ್ಕದ್ದೇ.

ಹಳೇಬೀಡಿನಲ್ಲಿ ಇಳಿದು ದೇವಾಲಯ ನೋಡಿಕೊಂಡು ಮುಂದಿನ ಬಸ್ಸು ಹಿಡಿಯುವುದೆಂದಾಯಿತು. ಹಳೇಬೀಡು ಎಂಬುದು ಹುಟ್ಟಿದಾಗಿನ ಹೆಸರಲ್ಲ. ಹೊಯ್ಸಳರ ಕಾಲದಲ್ಲಿ ಅದು ದೋರಸಮುದ್ರ. 1311ರಲ್ಲಿ ಮಲಿಕ್ ಕಾಫರನ ದಾಳಿ, ಆಮೇಲೆ ತುಘಲಕನ ಕಾಲದ್ದು. ಊರು ಹಾಳಾದ ಮೇಲೆ ಜನ 'ಹಳೆಯ ಬೀಡು' ಎಂದು ಕರೆದರು. ಬೇಲೂರಿನದೂ ಹಾಗೆಯೇ, ಶಾಸನಗಳಲ್ಲಿ ವೇಲಾಪುರ. ವಿಷ್ಣುವರ್ಧನ ಅಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಹಳೇಬೀಡಿನ ಕೆಲಸ ಅದಾದ ಕೆಲವೇ ವರ್ಷಕ್ಕೆ ಶುರುವಾಯಿತು. ಒಂದೇ ಬಳಪದ ಕಲ್ಲು, ಒಂದೇ ಶೈಲಿ. ಬೇಲೂರಿನಲ್ಲಿ ಇಂದಿಗೂ ನಿತ್ಯಪೂಜೆ ಉಂಟು. ದೊಡ್ಡ ಗೋಪುರ ಕೂಡ ಮೂಲದ್ದಲ್ಲ, 1397ರಲ್ಲಿ ವಿಜಯನಗರದ ದಂಡನಾಯಕ ಗುಂಡ ಮತ್ತೆ ಕಟ್ಟಿಸಿಕೊಟ್ಟದ್ದು. ಯಾರಾದರೊಬ್ಬರು ನೋಡಿಕೊಳ್ಳುತ್ತಲೇ ಬಂದಿದ್ದಾರೆ. ಇದನ್ನೆಲ್ಲ ನಾನು ಮೇಷ್ಟರ ಚಟದಿಂದ ಹೇಳುತ್ತಿದ್ದರೆ ಸೊಸೆ ತಟ್ಟನೆ, "ಬೇಲೂರು ಎಲ್‌ಟಿಎಸ್ ಅತ್ತೆ" ಎಂದಳು.

ಎಲ್‌ಟಿಎಸ್ ಎಂದರೆ ಬಹಳ ವರ್ಷ ನೋಡಿಕೊಳ್ಳುತ್ತೇವೆಂದು ಮಾತು ಕೊಟ್ಟ ಆವೃತ್ತಿ. 2017ರ ಮೇಲೆ ಜಾವಾದವರು ಆರು ತಿಂಗಳಿಗೊಂದು, ಮಾರ್ಚಿಗೊಂದು ಸೆಪ್ಟೆಂಬರಿಗೊಂದು, ಹೊಸ ಆವೃತ್ತಿ ತರತೊಡಗಿದರು. ಅಂಕಿ ಹಾಗೆ ಓಡಿದ್ದು ಅದಕ್ಕೆ. ಆರು ತಿಂಗಳಿಗೊಮ್ಮೆ ಮನೆ ಬದಲಿಸಲು ಯಾವ ಕಂಪನಿಗೂ ಆಗದು. ಹಾಗಾಗಿ ನಡುವೆ ಕೆಲವನ್ನು ಮಾತ್ರ ವರ್ಷಗಟ್ಟಲೆ ರಿಪೇರಿ ಮಾಡಿಕೊಡುತ್ತಾರೆ: 8, ಆಮೇಲೆ 2018ರ 11, 2021ರ 17, 2023ರ 21. ಹಳೇಬೀಡಿನ ಹುಲ್ಲಿನ ಮೇಲೆ ಕೂತು ಬೆರಳು ಮಡಿಸಿದೆವು. ಎಂಟರಿಂದ ಇಪ್ಪತ್ತೊಂದಕ್ಕೆ ಹದಿಮೂರು ತರಗತಿ ಅಲ್ಲ, ಮೂರು. ಪ್ಯಾಸೆಂಜರ್ ರೈಲು ಎಲ್ಲ ಕಡೆ ನಿಂತೀತು, ಎಕ್ಸ್‌ಪ್ರೆಸ್ಸಿನವರು ಕಡೂರು ಬೀರೂರು ನೋಡಿಕೊಂಡರೆ ಸಾಕು. ಸೊಸೆಯ ಮುಖ ಅಂದು ಬಿಸಿಲಿಗೆ ಕೆಂಪಾಗಿತ್ತೋ, ಸಂತೋಷಕ್ಕೋ ನಾನು ಕೇಳಲಿಲ್ಲ.

ಬೇಲೂರು ತಾಲ್ಲೂಕಿನಲ್ಲೇ ಹಲ್ಮಿಡಿ ಇರುವುದು. ಕ್ರಿ.ಶ. 450ರ ಸುಮಾರಿನದೆನ್ನುವ ಆ ಕನ್ನಡ ಶಾಸನವನ್ನು ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಕೃತಿ. ಹದಿನಾರು ಸಾಲು. ಅದನ್ನು ಇಂದಿನ ಮಕ್ಕಳ ಮುಂದೆ ಇಟ್ಟರೆ ಒಂದು ಸಾಲೂ ನಡೆಯದು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಎರಡು ಅಕ್ಷರ ಪೂರಾ ಬಿದ್ದೇ ಹೋದವು. ಈ ವಿಷಯದಲ್ಲಿ ನಮ್ಮ ಕನ್ನಡಕ್ಕಿಂತ ಜಾವಾದವರೇ ಹಳಬರ ಮೇಲೆ ಹೆಚ್ಚು ಕರುಣೆ ಇಟ್ಟವರು. ಹೆಚ್ಚೆಂದರೆ ಅದಕ್ಕೆ ಮೂವತ್ತು ವರ್ಷ, ಇದಕ್ಕೆ ಸಾವಿರದೈನೂರು, ಹೋಲಿಸುವುದು ನ್ಯಾಯವಲ್ಲ ಎನ್ನಿ.

ತೋಟದ ಮನೆಯಲ್ಲಿ ಬೀಗರು ಕಾಫಿ ಕೊಟ್ಟರು. ಮಗಳು ಓದುವ ಜಾವಾಕ್ಕೂ ತಮ್ಮ ಕಾಫಿಗೂ ನೆಂಟಸ್ತಿಕೆ ಇದೆಯೆಂದು ಕೇಳಿ ಅವರಿಗೆ ಆಶ್ಚರ್ಯ. ಬಾಬಾಬುಡನ್ ಯೆಮನ್ ದೇಶದಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದು ಚಂದ್ರದ್ರೋಣದ ಮೇಲೆ ಬಿತ್ತಿದರೆಂದು ನಮ್ಮ ಕಡೆ ಎಲ್ಲರೂ ಹೇಳುವ ಕತೆ. ಆ ದೇಶದ ಕಾಫಿ ಹಡಗೇರುತ್ತಿದ್ದ ಬಂದರು ಮೋಕಾ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಡಚ್ಚರು ಮಲಬಾರಿನ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾ ದ್ವೀಪಕ್ಕೆ ಒಯ್ದರು. "ಹಾಗಾದರೆ ಜಾವಾ ನಮ್ಮ ಕಡೆಯಿಂದ ಹೋದದ್ದೇ ಅನ್ನಿ" ಎಂದು ಬೀಗರು ಮೀಸೆ ತಿರುವಿದರು. ಮೋಕಾ ಎಂದೊಡನೆ ಸೊಸೆಗೆ ನೆನಪಾದದ್ದು ಜಾವಾಸ್ಕ್ರಿಪ್ಟ್. ಅದು ಬೇರೆಯೇ ಭಾಷೆ. 1995ರಲ್ಲಿ ನೆಟ್‌ಸ್ಕೇಪ್ ಎಂಬ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಮೊದಲ ರೂಪ ಕಟ್ಟಿದಾಗ ಅದರ ಹೆಸರು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್, ವರ್ಷ ಮುಗಿಯುವುದರೊಳಗೆ ಜಾವಾಸ್ಕ್ರಿಪ್ಟ್. ಆಗ ಜಾವಾದ ಹೆಸರು ಜನರ ಬಾಯಲ್ಲಿತ್ತು, ಅದರ ಸೆರಗು ಹಿಡಿದರು. ಹೆಸರು ಬಿಟ್ಟರೆ ನೆಂಟಸ್ತಿಕೆ ಇಲ್ಲ. ಸಂದರ್ಶನಕ್ಕೆ ಹೋಗುವ ಹುಡುಗಿಯರು ಇವೆರಡನ್ನು ಅಕ್ಕತಂಗಿಯರೆಂದು ಹೇಳಿಬಿಟ್ಟರೆ ಕೆಲಸ ಸಿಕ್ಕಂತೆಯೇ!

ಹೀಗೆ ಹೆಸರಿನ ಹೊಟ್ಟೆಲ್ಲ ಗಾಳಿಗೆ ತೂರಿದ ಮೇಲೆ ಉಳಿದ ಕಾಳು ಬೊಗಸೆಯಷ್ಟು. ನಿಜವಾಗಿ ಹೊಸತಾಗಿ ಕಲಿಯಬೇಕಾದದ್ದು ಆ ಬೊಗಸೆಯನ್ನೇ. ಮೊದಲು ಒಂದು ಮೂಟೆ ಕೊಬ್ಬರಿಯ ಸಂಖ್ಯೆ, ತೂಕ, ಬೆಲೆ ಇಟ್ಟುಕೊಳ್ಳಲು ಮೂವತ್ತು ನಲವತ್ತು ಸಾಲು ಬರೆಯಬೇಕಿತ್ತು. 'ರೆಕಾರ್ಡ್' ಎಂಬುದು 2021ರಲ್ಲಿ ಬಂದು ಅದು ಒಂದೇ ಸಾಲಿಗೆ ಇಳಿಯಿತು. ಜಾವಾದಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲೂ ಇಡಬಹುದೆಂದು ನನಗೆ ತೋರಿಸಲು ಅವಳು 'ಕೊಬ್ಬರಿ' ಎಂಬ ರೆಕಾರ್ಡು ಮಾಡಿ ಒಳಗೆ 'ತೂಕ', 'ಬೆಲೆ' ಎಂದು ಬರೆದಳು. ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡಿತು. ಕಂಪನಿಯಲ್ಲಿ ಯಾರೂ ಹಾಗೆ ಬರೆಯುವುದಿಲ್ಲವಂತೆ. ಇರಲಿ, ನಾನಂತೂ ಅಂದು ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ.

21ರಲ್ಲಿ ಬಂದ 'ವರ್ಚುವಲ್ ಥ್ರೆಡ್' ಅವಳಿಗೇ ಎರಡು ದಿನ ಹಿಡಿಯಿತು. ಹೋಟೆಲಿನಲ್ಲಿ ಒಬ್ಬ ಸಪ್ಲೈಯರು ಒಂದು ಮೇಜಿನ ದೋಸೆ ಬರುವವರೆಗೆ ಅಡುಗೆಮನೆಯ ಕಿಂಡಿಯ ಮುಂದೆ ನಿಂತೇ ಇದ್ದರೆ ನೂರು ಜನಕ್ಕೆ ನೂರು ಸಪ್ಲೈಯರು ಬೇಕು. ಚೀಟಿ ಇಟ್ಟು, ದೋಸೆ ಆಗುವಷ್ಟರಲ್ಲಿ ಬೇರೆ ನಾಲ್ಕು ಮೇಜು ನೋಡಿಕೊಂಡು ಬಂದರೆ ಹತ್ತು ಜನ ಸಾಕು. ಕಾಯುವ ಕೆಲಸ ಚೀಟಿಗೆ, ಓಡಾಡುವ ಕೆಲಸ ಮನುಷ್ಯನಿಗೆ. ಇದನ್ನು ಕೇಳಿ, "ಇದನ್ನು ಹೆಂಗಸರು ಮೊದಲಿನಿಂದಲೂ ಮಾಡುತ್ತಿಲ್ಲವೇನೇ? ಹಾಲು ಒಲೆಯ ಮೇಲಿಟ್ಟು ಜಡೆ ಹಾಕುವುದಿಲ್ಲವೇ?" ಎಂದೆ. ಅವಳು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ತರಬೇತಿ ಸಂಸ್ಥೆಗೆ ಅವಳೇ ಫೋನು ಮಾಡಿದಳು. ಏಳು ಭಾಗದಲ್ಲಿ ನನಗೆ ಬೇಕಾದದ್ದು ಕೊನೆಯದೊಂದೇ, ಅದನ್ನು ಮಾತ್ರ ಕಲಿಸುತ್ತೀರಾ ಎಂದಳು. ಬಿಡಿಯಾಗಿ ಕೊಡುವುದಿಲ್ಲ ಎಂದರು. ಒಳ್ಳೆಯದು ಎಂದು ಇಟ್ಟುಬಿಟ್ಟಳು. ಜಾವಾದ ಪಾಠಗಳು ಒರಾಕಲ್‌ನವರಲ್ಲೂ ಎಕ್ಲಿಪ್ಸಿನವರಲ್ಲೂ ಪುಕ್ಕಟೆಯಾಗಿಯೇ ಸಿಗುತ್ತವೆ. ಬೇಕಾದದ್ದು ಅವುಗಳಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕೆಂಬ ತಿಳುವಳಿಕೆ. ಬಳೆ ಕೈಯಲ್ಲೇ ಉಳಿಯಿತು.

ನವೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಬಂದಳು. ಮೂವರು ಕೂತು ಕೇಳಿದರಂತೆ. ಜೆ2ಇಇ, ಜಾವಾ ಇಇ, ಜಕಾರ್ತಾ ಇಇ ಮೂರಕ್ಕೂ ಏನು ವ್ಯತ್ಯಾಸ ಎಂಬುದೇ ಎರಡನೆಯ ಪ್ರಶ್ನೆ. ಇವಳು ಇಸವಿ ಸಮೇತ ಹೇಳಿದಳು. ಕೊನೆಯಲ್ಲಿ ಒಬ್ಬರು, "ಈ ಐದು ವರ್ಷ ಏನು ಮಾಡುತ್ತಿದ್ದಿರಿ?" ಎಂದರು. "ಮಗಳನ್ನು ಬೆಳೆಸುತ್ತಿದ್ದೆ" ಎಂದಳಂತೆ. ಅವರು ಏನೋ ಬರೆದುಕೊಂಡರು. ಆ ಬರೆದದ್ದು ಏನಿರಬಹುದೆಂದು ಮೂರು ವಾರ ಅವಳಿಗೂ ನಿದ್ದೆ ಇಲ್ಲ, ನನಗೂ ಇಲ್ಲ.

ಕೆಲಸ ಸಿಕ್ಕಿತು. ವಾರಕ್ಕೆ ಎರಡು ದಿನ ಬೆಂಗಳೂರು, ಉಳಿದದ್ದು ಅರಸೀಕೆರೆಯಿಂದಲೇ. ಸೇರಿದ ಮೇಲೆ ಕೈಗೆ ಕೊಟ್ಟದ್ದೇನು ಗೊತ್ತೇ? 17 ಬೇಕು, 21 ಬೇಕು ಎಂದು ಕಾಗದದಲ್ಲಿ ಬರೆದವರ ಮನೆಯೊಳಗೆ ಇದ್ದದ್ದು ಜಾವಾ 8ರಲ್ಲಿ ಬರೆದ ಹಳೆಯ ಪ್ರೋಗ್ರಾಮುಗಳ ರಾಶಿ. ಅದನ್ನು 21ಕ್ಕೆ ತರುವುದು ಇವಳ ಪಾಲಿನ ಕೆಲಸ. ತಂಡದಲ್ಲಿರುವ ಹುಡುಗರಿಗೆ ಹೊಸದು ಚೆನ್ನಾಗಿ ಗೊತ್ತು, 'ಜಾವಾಎಕ್ಸ್' ಕಾಲದ ಬರವಣಿಗೆ ಓದಲು ತಡವರಿಸುತ್ತಾರೆ. "ಅಕ್ಕ, ಇದು ಏನು" ಎಂದು ಇವಳ ಬಳಿಗೇ ಬರುತ್ತಾರಂತೆ.

2025ರ ಸೆಪ್ಟೆಂಬರಿನಲ್ಲಿ 25 ಬಂತು, ಅದೂ ಎಲ್‌ಟಿಎಸ್. ನೋಟ್‌ಬುಕ್ಕಿನಲ್ಲಿ 21ರ ಕೆಳಗೆ ಬರೆದು ಇಸವಿ ಹಾಕಿದ್ದೇನೆ. ಎದುರುಮನೆಯ ಹುಡುಗಿ ಬಿಸಿಎ ಕೊನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಬಂದು ಆ ಪಟ್ಟಿ ಕೇಳಿದಳು. ನೋಟ್‌ಬುಕ್ಕಿನ ಮೊದಲರ್ಧದಲ್ಲಿ ಮೊಮ್ಮಗಳ ಅ ಆ ಇ ಈ ಇದೆ, ಅದನ್ನು ಬಿಟ್ಟು ಉಳಿದದ್ದು ಜೆರಾಕ್ಸ್ ಮಾಡಿಸಿಕೋ ಎಂದು ಕೊಟ್ಟು ಕಳಿಸಿದೆ.